ಹೊಂಗೆ ಮರದ ಬುಟ್ಟಿ

ನಮ್ಮ ಊರಿನ ಹೊಂಗೆ ಮರಕ್ಕೆ ಬುಟ್ಟಿ ಕಟ್ಟಿದವರು ನನ್ನ ಯಜಮಾನರು. ಮೊದಲು ಅಡುಗೆ ಎಣ್ಣೆಯ ತಗಡಿನ ಡಬ್ಬ ಕಟ್ಟಿದ್ದರು. ಅದರೊಳಗೆ ಇಟ್ಟ ಫೋನು ಸದ್ದೇ ಮಾಡಲಿಲ್ಲ. ತಗಡು ಸಿಗ್ನಲ್ ತಡೆಯುತ್ತದೆ ಎಂದು ಯಾರೋ ಹೇಳಿದ ಮೇಲೆ ಡಬ್ಬ ಬಿಚ್ಚಿ ಕರುವಿಗೆ ನೀರಿಡಲು ಕೊಟ್ಟರು. ಬಿದಿರಿನ ಬುಟ್ಟಿ ತಂದು, ಮೇಲೆ ಗೊಬ್ಬರದ ಚೀಲ ಹೊದಿಸಿ, ಕೈಗೆಟಕುವ ಕೊಂಬೆಗೆ ಕಟ್ಟಿದರು.

ಹನೂರಿನಿಂದ ಕಾಡು ದಾಟಿ ಬಂದರೆ ಪಾಲಾರ್ ಹೊಳೆಗೆ ಹತ್ತಿರದಲ್ಲಿ ನಮ್ಮ ಊರು. ಹೊಳೆಯ ಆಚೆ ತಮಿಳುನಾಡು. ನಮ್ಮ ರಾಜ್ಯದ ಟವರಿನ ಸಿಗ್ನಲ್ ಊರೊಳಗೆ ಎಲ್ಲೂ ಸಿಗುವುದಿಲ್ಲ. ಊರಾಚೆಯ ಬಂಡೆ ಹತ್ತಿದರೆ ಒಮ್ಮೊಮ್ಮೆ ಸಿಗುತ್ತದೆ. ಆಚೆ ದಡದ ಗುಡ್ಡದ ಮೇಲೆ ಅವರದೊಂದು ಟವರು ಇದೆ. ಅದರ ಸಿಗ್ನಲ್ ಈ ಹೊಂಗೆ ಮರದ ಕೆಳಗೆ ಮಾತ್ರ ಚೆನ್ನಾಗಿ ಬರುತ್ತದೆ. ಹತ್ತು ಮಾರು ಈಚೆ ಬಂದರೆ ಹೋಯಿತು. ಹಾಗಾಗಿ ಬೆಳಿಗ್ಗೆ ಹೊಲಕ್ಕೆ ಹೋಗುವವರೆಲ್ಲ ಫೋನನ್ನು ಬುಟ್ಟಿಯಲ್ಲಿ ಇಟ್ಟು ಹೋಗುತ್ತಾರೆ. ಬಡಿದುಕೊಂಡರೆ ಮರದ ಹತ್ತಿರ ಇದ್ದವರು ಎತ್ತುತ್ತಾರೆ, ಯಾರ ಮನೆಯದೆಂದು ನೋಡಿ ಕೂಗುತ್ತಾರೆ. ಯಾರ ಫೋನನ್ನು ಯಾರು ಎತ್ತಿದರೂ ತಪ್ಪಲ್ಲ. ಮಾತು ಮುಗಿದ ಮೇಲೆ ಮರಳಿ ಬುಟ್ಟಿಯಲ್ಲಿ ಇಡದಿದ್ದರೆ ಮಾತ್ರ ಬೈಗುಳ. ಮದುವೆಯಾಗಿ ಬಂದ ಸೊಸೆಗೆ ನೀರಿನ ನಲ್ಲಿ ಎಲ್ಲಿದೆ ಎಂದು ತೋರಿಸುವ ದಿನವೇ ಇದನ್ನೂ ಹೇಳಿಕೊಡುತ್ತಾರೆ.

"ನಾವು ಕಾಲು ನೆನೆಸ್ದೇನೆ ದಿನಾ ತಮಿಳುನಾಡ್ಗೆ ಓಗ್ಬತ್ತೀವಿ ಕಣ್ಲಾ," ಎಂದು ಯಜಮಾನರು ತಮ್ಮನಿಗೆ ಹೇಳಿ ನಗುತ್ತಿದ್ದರು. ತಮ್ಮ ಎಂದರೆ ನನ್ನ ಮೈದ. ಅಣ್ಣ ತಮ್ಮ ಇಬ್ಬರ ಹೊಲ ಒಂದೇ ಕಡೆ, ಮನೆ ಒಂದೇ ಗೋಡೆಯ ಎರಡು ಪಕ್ಕ.

ನಾನು ಹುಟ್ಟಿ ಬೆಳೆದದ್ದು ಕೊಳ್ಳೇಗಾಲದಲ್ಲಿ, ರೇಷ್ಮೆ ನೇಯುವವರ ಬೀದಿಯಲ್ಲಿ. ಅಕ್ಕಪಕ್ಕ ತಮಿಳು ಆಡುವ ಮನೆಗಳಿದ್ದವು, ಆಟದ ಜೊತೆಗೆ ಆ ಮಾತೂ ಬಂತು. ನನ್ನ ತಾಯಿಯ ತವರು ಈ ಊರು. ಹತ್ತನೇ ತರಗತಿ ಮುಗಿಸಿದ ಮೇಲೆ ತಾಯಿಯ ಕಡೆಯವರಿಗೇ ನನ್ನನ್ನು ಕೊಟ್ಟರು. ಬಂದ ಹೊಸದರಲ್ಲಿ ಮಗ್ಗದ ಸದ್ದಿಲ್ಲದೆ ನಿದ್ದೆ ಬರುತ್ತಿರಲಿಲ್ಲ. ಯಜಮಾನರಿಗೆ ಇದು ಗೊತ್ತಾಗಿ, ಮಲಗುವ ಮುಂಚೆ ಹಲಗೆಯ ಮೇಲೆ ಬೆರಳಿನಿಂದ ಲಾಳಿ ಓಡುವ ಹಾಗೆ ಟಕಟಕ ಬಡಿಯುತ್ತಿದ್ದರು. ಅದು ಮಗ್ಗದ ಹಾಗೆ ಇರಲಿಲ್ಲ. ಆದರೂ ನಿದ್ದೆ ಬರುತ್ತಿತ್ತು.

ನಮ್ಮ ಊರಿಗೂ ಒಂದು ಟವರು ಬಂದಿದೆ. ಶಾಲೆಯ ಹಿಂದೆ ಜಾಗ ಸಮ ಮಾಡಿ, ಕಬ್ಬಿಣ ಜೋಡಿಸಿ, ಸುತ್ತ ಬೇಲಿ ಹಾಕಿದರು. ಅವತ್ತು ಯಜಮಾನರು ಕೆಲಸದವರಿಗೆಲ್ಲ ಮಜ್ಜಿಗೆ ಕೊಟ್ಟು ಕಳಿಸಿದ್ದರು. ಆಮೇಲೆ ಯಾರೂ ಬರಲಿಲ್ಲ. ಟವರು ಕೊಟ್ಟದ್ದು ದಿಲ್ಲಿಯ ಸರ್ಕಾರ. ಅದಕ್ಕೆ ಕರೆಂಟು ಬರಬೇಕಾದರೆ ಕಾಡಿನ ಒಳಗೆ ಕಂಬ ನೆಡಬೇಕು, ಅದು ಬೆಂಗಳೂರಿನ ಸರ್ಕಾರದ್ದು. ನಮ್ಮ ಮನೆಗಳಿಗೆ ಇರುವುದು ಸೂರ್ಯನ ಬೆಳಕಿನ ದೀಪ, ಅದರಲ್ಲಿ ಟವರು ಓಡುವುದಿಲ್ಲವಂತೆ. ಬೇಲಿಯ ಒಳಗೆ ಹುಲ್ಲು ಎತ್ತರ ಬೆಳೆಯಿತು. ಮೇಕೆಗಳು ನುಗ್ಗಿ ಮೇಯತೊಡಗಿದವು. ತುದಿಯಲ್ಲಿ ಕಾಗೆ ಗೂಡು ಕಟ್ಟಿತು.

ಸಂಕ್ರಾಂತಿ ಕಳೆದ ಮೇಲೆ ಒಂದು ಮಧ್ಯಾಹ್ನ ಹುರುಳಿ ಬಡಿಯುತ್ತಿದ್ದೆವು. ಯಜಮಾನರು ಕೋಲು ಕೆಳಗಿಟ್ಟು ಕಣದ ಅಂಚಿನಲ್ಲಿ ಕುಳಿತರು. ನೀರು ಕೇಳುತ್ತಾರೆ ಅಂದುಕೊಂಡೆ. ಬೆವರು ಹಣೆಯಿಂದ ಹನಿಯುತ್ತಿತ್ತು, ಎಡಗೈಯನ್ನು ಬಲಗೈಯಿಂದ ಹಿಡಿದುಕೊಂಡಿದ್ದರು. ಮೈದ ಅವರನ್ನು ಬೆನ್ನ ಮೇಲೆ ಹೊತ್ತು ಊರೊಳಗೆ ತಂದು ಜಗಲಿಯಲ್ಲಿ ಮಲಗಿಸಿದ. ಅಷ್ಟರಲ್ಲಿ ನಾಲ್ಕು ಮನೆಯವರು ಸೇರಿದರು. ಯಾರೂ ಬಂಡೆಯ ಕಡೆ ಓಡಲಿಲ್ಲ. ಫೋನು ಎಂದರೆ ನಮಗೆಲ್ಲ ಹೊಂಗೆ ಮರ. ನಾನೂ ಮೈದನೂ ಅಲ್ಲಿಗೇ ಓಡಿದೆವು.

ಬುಟ್ಟಿಯಲ್ಲಿ ಅವನ ಕೈಗೆ ಸಿಕ್ಕಿದ್ದು ಅಣ್ಣನ ಫೋನೇ. ಆಂಬುಲೆನ್ಸಿಗೆಂದು ನೂರೆಂಟಕ್ಕೆ ಒತ್ತಿದ. ಆ ಕಡೆಯಿಂದ ತಮಿಳು ಬಂತು. ಅವನು ನನ್ನ ಕೈಗೆ ಕೊಟ್ಟ.

ಹುಡುಗಿಯೊಬ್ಬಳ ದನಿ. ಯಾವ ಜಿಲ್ಲೆ, ಯಾವ ತಾಲ್ಲೂಕು ಎಂದು ಕೇಳಿದಳು. ಚಾಮರಾಜನಗರ ಜಿಲ್ಲೆ, ಹನೂರು ಎಂದೆ. ಅದು ಕರ್ನಾಟಕವಲ್ಲವೇ ಎಂದಳು. ನಾನು ಅಳುತ್ತಿದ್ದೆ ಎಂದು ಕಾಣುತ್ತದೆ. "ಪದರಾದೀಂಗ ಅಕ್ಕಾ," ಎಂದಳು. ಗಾಬರಿಯಾಗಬೇಡಿ ಅಕ್ಕ, ಎಂದು. ತಮ್ಮ ಗಾಡಿ ಗಡಿ ದಾಟಿ ಬರುವ ಹಾಗಿಲ್ಲ, ಆದರೆ ಸೇತುವೆಯ ಆಚೆ ತುದಿಯವರೆಗೆ ಕಳಿಸುತ್ತೇನೆ, ಅಲ್ಲಿಗೆ ಕರೆತನ್ನಿ ಎಂದಳು. ನಿಮ್ಮ ರಾಜ್ಯದವರಿಗೂ ತಿಳಿಸಲು ನೋಡುತ್ತೇನೆ, ಫೋನು ಹತ್ತಿರವೇ ಇರಲಿ ಎಂದಳು. ಜಗಲಿಯಿಂದ ಯಾರೋ ನನ್ನನ್ನು ಕೂಗಿದರು. ಫೋನು ಮೈದನಿಗೆ ಕೊಟ್ಟು ಓಡಿದೆ. ಅವನು ಎರಡು ಸಲ ಹಲೋ ಎಂದನಂತೆ, ಮಾತು ನಿಂತಿತ್ತು. ನಾವೆಲ್ಲ ಯಾವಾಗಲೂ ಮಾಡುವ ಹಾಗೆ ಫೋನನ್ನು ಬುಟ್ಟಿಯಲ್ಲಿ ಇಟ್ಟು ಓಡಿಬಂದ.

ಅಷ್ಟು ಹೊತ್ತಿಗೆ ಪಕ್ಕದ ಕೇರಿಯವರು ಗೂಡ್ಸ್ ಆಟೋ ತಂದು ನಿಲ್ಲಿಸಿದ್ದರು. ಯಾವ ಕಡೆ ಹೋಗುವುದು ಎಂದು ಮಾತು ಹುಟ್ಟಿತು. ಸೇತುವೆ ಹತ್ತಿರ, ಆದರೆ ಅದರಾಚೆ ಯಾವ ಆಸ್ಪತ್ರೆ, ಯಾರು ಗೊತ್ತು. ಹನೂರು ದೂರ, ಆದರೆ ನಮ್ಮದು. ಊರಿನ ಹಿರಿಯರೊಬ್ಬರು, "ಅವ್ರು ಬತ್ತಾರೋ ಇಲ್ವೋ, ನಂಬ್ಕಂಡು ಆ ಕಡೀಕೋಗಿ ಮಧ್ಯದಲ್ಲಿ ನಿಂತ್ಕಳದಾ? ಹನೂರ್ಗೇ ನಡೀರಿ," ಎಂದರು. ಅವರು ಹೇಳಿದ್ದು ತಪ್ಪು ಎಂದು ನನಗೆ ಇವತ್ತೂ ಅನಿಸುವುದಿಲ್ಲ.

ಹಾಸಿಗೆ ಹಾಕಿ ಮಲಗಿಸಿ, ತಲೆಯನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡೆ. ಕಾಡಿನ ರಸ್ತೆಗೆ ಸೇರಿದ ಮೇಲೆ ಮರಗಳ ನೆರಳು ಮುಖದ ಮೇಲೆ ಬೀಳತೊಡಗಿತು. ಅವರು ಕಣ್ಣು ಬಿಟ್ಟು, "ಬಿಸ್ಲು ಇಳೀತಾ?" ಎಂದು ಕೇಳಿದರು. ಇಳೀತು ಎಂದೆ. ಹನೂರಿನ ಆಸ್ಪತ್ರೆಯ ಬಾಗಿಲಿಗೆ ಹೋಗುವ ಹೊತ್ತಿಗೆ ಅವರ ಕೈ ತಣ್ಣಗಾಗಿತ್ತು. ಇನ್ನೂ ಬೇಗ ತಂದಿದ್ದರೆ ಏನಾಗುತ್ತಿತ್ತು ಎಂದು ನಾನು ಡಾಕ್ಟರನ್ನು ಕೇಳಲಿಲ್ಲ. ಅವರಾಗಿ ಹೇಳಲೂ ಇಲ್ಲ.

ಮಣ್ಣು ಮಾಡಿ ಬಂದ ಮೇಲೆ, ಮೇಕೆ ಕಾಯುವ ಮುದುಕಿ ನನ್ನ ಪಕ್ಕ ಕುಳಿತು ಹೇಳಿದಳು. ನಾವು ಹೊರಟ ಮೇಲೆ ಯಜಮಾನರ ಫೋನು ಬುಟ್ಟಿಯಲ್ಲಿ ಬಿಡದೆ ಬಡಿದುಕೊಂಡಿತಂತೆ. ಅವಳು ಎತ್ತಿದಳಂತೆ. "ಯಾವನೋ ಡ್ರೈವರು ಕಣವ್ವ. ಸೇತ್ವೆತಾವು ಬಂದು ನಿಂತಿವ್ನಿ, ಎಲ್ಲವ್ರೆ, ಎಲ್ಲವ್ರೆ ಅಂತಾನೆ. ನಾ ಏನಂತ ಹೇಳ್ಲಿ? ಓದ್ರು ಕಣಪ್ಪಾ ಅಂದೆ." ಗಾಡಿ ಬಹಳ ಹೊತ್ತು ಅಲ್ಲೇ ನಿಂತಿತ್ತು ಎಂದು ಆಮೇಲೆ ಆ ಕಡೆಯಿಂದ ಬಂದವರೂ ಹೇಳಿದರು.

ಮೈದ ಬಾಗಿಲ ಹತ್ತಿರ ನಿಂತು ಇದನ್ನು ಕೇಳಿಸಿಕೊಂಡ. ಫೋನು ಜೇಬಿನಲ್ಲಿ ಇದ್ದಿದ್ದರೆ ಗಾಡಿ ಬಂದಿರುವುದು ಗೊತ್ತಾಗುತ್ತಿತ್ತು, ತಿರುಗಿಸಿಕೊಂಡು ಹೋಗಬಹುದಿತ್ತು ಎಂಬುದು ಅವನ ತಲೆಯಲ್ಲಿ ಕುಳಿತುಬಿಟ್ಟಿತು. ಮರದಿಂದ ಹತ್ತು ಮಾರು ಆಚೆಗೆ ಜೇಬಿನ ಫೋನಿಗೂ ಸಿಗ್ನಲ್ ಇರುವುದಿಲ್ಲ ಎಂದು ಎಲ್ಲರೂ ಹೇಳಿದರು. ನಾನೂ ಹೇಳಿದೆ. ನಿಜ ಅಂತ ಅವನೂ ಒಪ್ಪಿಕೊಂಡ. ಆದರೆ ಅಂದಿನಿಂದ ಬುಟ್ಟಿಗೆ ಕೈ ಹಾಕಲಿಲ್ಲ. ಪಕ್ಕದಲ್ಲೇ ನಿಂತಿದ್ದರೂ, ಯಾರ ಫೋನು ಬಡಿದುಕೊಂಡರೂ, ಬೇರೆಯವರು ಬಂದು ಎತ್ತಲಿ ಎಂದು ದೂರ ಸರಿಯುತ್ತಿದ್ದ. ತನ್ನ ಫೋನನ್ನು ಹೆಂಡತಿಗೆ ಕೊಟ್ಟುಬಿಟ್ಟ.

ಯಜಮಾನರ ಫೋನನ್ನು ಬುಟ್ಟಿಯಿಂದ ತೆಗೆಯಲು ನನಗೆ ಮನಸ್ಸಾಗಲಿಲ್ಲ. ರಾತ್ರಿ ತಂದು ಚಾರ್ಜಿಗೆ ಹಾಕಿ ಬೆಳಿಗ್ಗೆ ನನ್ನದರ ಜೊತೆ ಇಟ್ಟುಬರುತ್ತಿದ್ದೆ. ಸುದ್ದಿ ಗೊತ್ತಿಲ್ಲದ ಹುರುಳಿ ವ್ಯಾಪಾರಿಗಳು ಕೆಲವು ದಿನ ಅದಕ್ಕೆ ಫೋನು ಮಾಡುತ್ತಿದ್ದರು.

ಬೇಸಿಗೆ ಮುಗಿಯುವಾಗ ಯಳಂದೂರಿನಿಂದ ಮಗಳು ಫೋನು ಮಾಡಿದಳು. ನನಗೆ ಇರುವುದು ಅವಳೊಬ್ಬಳೇ. ಅಳಿಯ ಅಲ್ಲಿ ಟೈಲರ್ ಅಂಗಡಿ ಇಟ್ಟಿದ್ದಾನೆ. ಅವಳಿಗೆ ದಿನ ತುಂಬುವುದು ಸಂಕ್ರಾಂತಿಯ ಹತ್ತಿರ ಎಂದಾಗ ಮರದ ಕೆಳಗೇ ಕುಳಿತೆ. ಅಪ್ಪ ಇರಬೇಕಿತ್ತು ಅವ್ವ, ಎಂದಳು. ನಮ್ಮಲ್ಲಿ ಮೊದಲ ಬಾಣಂತನ ತವರಿನದು. ಸೀಮಂತವಾದ ಮೇಲೆ ಮಗಳನ್ನು ಕರೆತಂದು, ಹೆರಿಗೆ ಮಾಡಿಸಿ, ಮೂರು ತಿಂಗಳು ಕೂರಿಸಿ ಕಳಿಸಬೇಕು. ನನ್ನ ತಾಯಿಯೂ ಹಾಗೇ ಮಾಡಿದ್ದಳು. ಯಜಮಾನರು ಮಗಳ ಮದುವೆಯಾದ ವರ್ಷವೇ ಒಳಕೋಣೆಯ ನೆಲಕ್ಕೆ ಸಿಮೆಂಟು ಹಾಕಿಸಿ, ಇದು ಬಾಣಂತಿ ಕೋಣೆ ಎಂದು ಹೇಳಿಟ್ಟಿದ್ದರು.

ಸೀಮಂತಕ್ಕೆ ಮುಂಚೆ ಅಳಿಯ ಒಂದು ದಿನ ಬಂದ. ಊಟ ಮಾಡಿ ಕೈ ತೊಳೆದ ಮೇಲೂ ಎದ್ದು ಹೊರಡದೆ ಕುಳಿತಿದ್ದ. ಕೊನೆಗೆ, "ಅತ್ತೆ, ತಪ್ ತಿಳೀಬೇಡಿ. ಇಲ್ಲಿಗ್ ಕಳ್ಸಾಕೆ ನಂಗೆ ಧೈರ್ಯ ಇಲ್ಲ," ಎಂದ. ಮಾವನಿಗೆ ಆದದ್ದನ್ನು ಅವನು ಬಾಯಿಬಿಟ್ಟು ಹೇಳಲಿಲ್ಲ. ನನಗೆ ಸಿಟ್ಟು ಬರಲಿಲ್ಲ. ದೀಪಾವಳಿಯವರೆಗೆ ಸಮಯ ಕೊಡಪ್ಪ ಎಂದೆ. ಅಷ್ಟರಲ್ಲಿ ನಮ್ಮ ಟವರು ಹತ್ತಿಕೊಂಡರೆ, ಮನೆಯೊಳಗಿಂದ ಮಾಡಿದ ಫೋನು ನಮ್ಮ ರಾಜ್ಯದವರಿಗೇ ಹೋದರೆ, ಕಳಿಸುತ್ತೀಯಾ ಎಂದೆ. ಕಳಿಸುತ್ತೇನೆ ಎಂದ.

ಗ್ರಾಮಸಭೆಯಲ್ಲಿ ನಾನು ಎದ್ದು ನಿಂತು ಮಾತಾಡಿದ್ದು ಅದೇ ಮೊದಲು. ಟವರಿಗೆ ಯಾವಾಗ ಕರೆಂಟು ಕೊಡುತ್ತೀರಿ ಎಂದು ಕೇಳಿದೆ. ಪಂಚಾಯ್ತಿ ಅಧಿಕಾರಿ ತಾಳ್ಮೆಯಿಂದಲೇ ಹೇಳಿದರು. ಪಂಚಾಯ್ತಿ ಒಪ್ಪಿಗೆ ಎಂದೋ ಹೋಗಿದೆ. ಕಂಬಗಳು ಕಾಡಿನೊಳಗೆ ಬರುತ್ತವೆ, ಅರಣ್ಯದವರ ಒಪ್ಪಿಗೆ ಬೇಕು, ಅವರದು ಮೇಲಕ್ಕೆ ಹೋಗಿದೆ. ಟೆಲಿಫೋನು ಮಾತ್ರ ಕೇಂದ್ರದ ವಿಷಯ, ಅದರಲ್ಲಿ ನಾವು ಕೈ ಹಾಕುವ ಹಾಗಿಲ್ಲ. ಹಿಂದಿನ ಸಾಲಿನಿಂದ, ಅವತ್ತು ಹನೂರಿಗೇ ನಡೆಯಿರಿ ಎಂದಿದ್ದ ಹಿರಿಯರು ಕೇಳಿದರು: "ಸಾ, ಯಾವ ಕಾಡು ಅಡ್ಡ ಬಂದ್ರೂ ಓಟಿನ ಮಿಷನ್ನು ಮಾತ್ರ ಟೈಮಿಗೆ ಸರ್ಯಾಗಿ ನಮ್ಮೂರ್ಗೆ ಬತ್ತದಲ್ಲ, ಅದು ಯಾರ ವಿಷ್ಯ?" ಎಲ್ಲರೂ ನಕ್ಕರು. ಅಧಿಕಾರಿಯೂ ನಕ್ಕರು. ದೀಪಾವಳಿ ಹೊತ್ತಿಗೆ ಆಗಬಹುದು ಎಂದರು.

ನಾನು ಅಷ್ಟಕ್ಕೇ ಬಿಡದೆ ಕೊಳ್ಳೇಗಾಲದ ದೂರವಾಣಿ ಕಚೇರಿಗೂ ಹೋದೆ. ಅಲ್ಲಿದ್ದ ಗುಮಾಸ್ತರು ನಿವೃತ್ತಿಗೆ ಹತ್ತಿರದವರು, ನನ್ನನ್ನು ಕೂರಿಸಿ ಎಲ್ಲ ಕೇಳಿಸಿಕೊಂಡರು. ಸರದಿಯಲ್ಲಿದ್ದ ಒಬ್ಬರು, ಸಿಮ್ ಬದಲಾಯಿಸಿಕೊಳ್ಳಿ ಅಮ್ಮ, ಎಲ್ಲ ಸರಿಹೋಗುತ್ತದೆ ಎಂದರು. ಸಿಮ್ಮು ಯಾವುದಾದರೂ ಅಷ್ಟೇ, ಯಾವ ಟವರು ಹಿಡಿದರೆ ಆ ರಾಜ್ಯದ ನೂರೆಂಟು ಎಂದು ಗುಮಾಸ್ತರು ಅವರಿಗೆ ಹೇಳಿದರು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮ, ಗಾಳೀಲಿ ಹೋಗೋದು ದಿಲ್ಲೀದು. ನೆಲದ ಮೇಲಿರೋ ಕಂಬ, ದಾರಿ, ಆಂಬುಲೆನ್ಸು ಎಲ್ಲ ಆಯಾ ರಾಜ್ಯದ್ದು. ನಿಮ್ಮೂರಲ್ಲಿ ಗಾಳಿ ಆ ಕಡೇದು, ನೆಲ ಈ ಕಡೇದು ಆಗ್ಬಿಟ್ಟಿದೆ," ಎಂದರು.

ಆಚೆ ಟವರಿನಿಂದ ಹೋದ ಫೋನನ್ನು ನಮ್ಮ ಕಡೆಯವರಿಗೆ ದಾಟಿಸಲು ಆಗುವುದಿಲ್ಲವೇ ಎಂದು ಕೇಳಿದೆ. ಎರಡು ರಾಜ್ಯದವರೂ ಕುಳಿತು ಮಾತಾಡಬೇಕು, ದಿಲ್ಲಿಯವರು ಒಪ್ಪಬೇಕು, ಮಾಡಬಹುದು, ಆದರೆ ಅದನ್ನು ಶುರು ಮಾಡಬೇಕಾದವರು ಯಾರು ಎಂದು ತನಗೂ ಗೊತ್ತಿಲ್ಲ ಎಂದರು. ಸುಳ್ಳು ಹೇಳಿ ಕಳಿಸಬಹುದಿತ್ತು, ಅವರು ಹಾಗೆ ಮಾಡಲಿಲ್ಲ. ಕಾಫಿ ತರಿಸಿಕೊಟ್ಟರು.

ವಾಪಸು ಬರುವಾಗ ನಾನು ಓದಿದ ಶಾಲೆಯ ಮುಂದೆಯೇ ಬಸ್ಸು ಹಾಯ್ದುಹೋಯಿತು. ಕೇಂದ್ರ ಪಟ್ಟಿ, ರಾಜ್ಯ ಪಟ್ಟಿ ಎಂದು ಆ ಶಾಲೆಯಲ್ಲೇ ಉರು ಹೊಡೆದಿದ್ದೆ. ಅಂಚೆ, ತಂತಿ, ದೂರವಾಣಿ, ರೈಲು, ಸೈನ್ಯ ಕೇಂದ್ರಕ್ಕೆ. ಪೊಲೀಸು, ಆಸ್ಪತ್ರೆ, ಬೇಸಾಯ, ಭೂಮಿ ರಾಜ್ಯಕ್ಕೆ. ಮಗ್ಗದ ಗುಂಡಿಯ ಪಕ್ಕ ಕುಳಿತು ಲಾಳಿಯ ತಾಳಕ್ಕೆ ಹೇಳಿಕೊಳ್ಳುತ್ತಿದ್ದೆ. ಪರೀಕ್ಷೆಯಲ್ಲಿ ಬಂದಿತ್ತು, ಸರಿಯಾಗಿ ಬರೆದಿದ್ದೆ. ಮನುಷ್ಯನ ಎದೆನೋವು ಯಾವ ಪಟ್ಟಿಯಲ್ಲಿದೆ ಎಂದು ಆಗ ಕೇಳಬೇಕು ಅನಿಸಿರಲಿಲ್ಲ. ಸತ್ತೇಗಾಲದ ಕಡೆಯ ಹೆಂಗಸೊಬ್ಬಳು ಪಕ್ಕದ ಸೀಟಿನಲ್ಲಿದ್ದಳು. ಯಾಕವ್ವ ಅಳ್ತಿದೀಯಾ ಎಂದು ಕೇಳಿದಳು. ತಲೆನೋವು ಎಂದೆ.

ದೀಪಾವಳಿಗೆ ಕಂಬ ಬರಲಿಲ್ಲ. ಅದರ ಬದಲು ಒಂದು ಲಾರಿ ಬಂತು. ಯಂತ್ರಗಳು ಸರಿಯಾಗಿವೆಯೇ ನೋಡಲು ಜನರೇಟರ್ ತಂದಿದ್ದರು. ಅದು ಗುಡುಗುಡು ಎಂದು ಶುರುವಾದ ಸ್ವಲ್ಪ ಹೊತ್ತಿಗೆ ಸಿಗ್ನಲ್ ಬಂತು ಎಂದು ಊರಿನಲ್ಲಿ ಕೂಗು ಎದ್ದಿತು. ಜನ ಬುಟ್ಟಿಯಿಂದ ತಮ್ಮ ತಮ್ಮ ಫೋನು ತೆಗೆದುಕೊಂಡು ಮನೆಗೆ ಓಡಿದರು. ಬುಟ್ಟಿ ಹಗಲಿನಲ್ಲಿ ಖಾಲಿಯಾದದ್ದನ್ನು ನಾನು ನೋಡಿದ್ದು ಅವತ್ತೇ.

ಸಾರಿಗೆ ಒಗ್ಗರಣೆ ಹಾಕುತ್ತಾ ಮಗಳಿಗೆ ಫೋನು ಮಾಡಿದೆ. "ಅವ್ವ, ಅದೇನು ಚುಂಯ್ ಅಂತದೆ?" ಎಂದಳು. ಸಾಸಿವೆ ಎಂದೆ. ಅವಳು ನಗುತ್ತಾ ನಗುತ್ತಾ ಅತ್ತುಬಿಟ್ಟಳು. ನಮ್ಮ ಮನೆಯ ಒಲೆಯ ಮುಂದಿನಿಂದ ಅವಳ ಜೊತೆ ನಾನು ಹಿಂದೆ ಎಂದೂ ಫೋನಿನಲ್ಲಿ ಮಾತಾಡಿರಲಿಲ್ಲ.

ಅವಳ ಮಾತು ಮುಗಿದ ಮೇಲೆ ಜಗಲಿಗೆ ಬಂದೆ. ಯಜಮಾನರನ್ನು ಮಲಗಿಸಿದ್ದ ಜಾಗದಲ್ಲಿ ಕುಳಿತು ನೂರೆಂಟಕ್ಕೆ ಒತ್ತಿದೆ. ನಮಸ್ಕಾರ, ಹೇಳಿ ಎಂದು ಕನ್ನಡದಲ್ಲಿ ಬಂತು. ಇದೂ ಒಂದು ಹುಡುಗಿಯ ದನಿ. ಹಲೋ ಎಂದೆ. ಯಾರಿಗೆ ಏನಾಗಿದೆ ಹೇಳಿ ಅಮ್ಮ, ಯಾವ ಊರು ಹೇಳಿ, ಎಂದು ಕೇಳುತ್ತಲೇ ಇದ್ದಳು.

"ಈಗೇನಿಲ್ಲ ಕಣವ್ವ," ಎಂದೆ. "ಕೇಳಿಸ್ತದಾ ಅಂತ ನೋಡ್ದೆ."

ತುರ್ತು ಇಲ್ಲದಿದ್ದರೆ ಮಾಡಬೇಡಿ, ಬೇರೆಯವರಿಗೆ ತೊಂದರೆಯಾಗುತ್ತದೆ ಎಂದು ಮೆಲ್ಲಗೆ ಹೇಳಿ ಇಟ್ಟಳು. ಅವಳು ಹೇಳಿದ್ದು ಸರಿ.

ಹೊತ್ತು ಮುಳುಗುವ ಮುಂಚೆ ಲಾರಿಯವರು ಜನರೇಟರನ್ನು ಏರಿಸಿಕೊಂಡು ಹೊರಟರು. ಎಲ್ಲ ಚೆನ್ನಾಗಿದೆ, ಕರೆಂಟು ಒಂದು ಬಂದರೆ ಸಾಕು ಎಂದರು. ಮಾರನೆಯ ಬೆಳಿಗ್ಗೆ ಫೋನುಗಳು ಮತ್ತೆ ಬುಟ್ಟಿ ಸೇರಿದವು. ನಾನು ಅಳಿಯನಿಗೆ ಫೋನು ಮಾಡಿ, ಅವಳು ಅಲ್ಲೇ ಇರಲಿ, ನಾನೇ ಬರುತ್ತೇನೆ ಎಂದೆ.

ಊರಿನಲ್ಲಿ ಆಡಿಕೊಂಡರು. ಗಂಡ ಇಲ್ಲ ಅಂತ ಮಗಳ ಬಾಣಂತನವನ್ನು ಬೀಗರ ಮೇಲೆ ಹಾಕಿದಳು ಎಂದರು. ಮೇಕೆ ಕಾಯುವ ಮುದುಕಿ ಮಾತ್ರ, "ತವರು ಅಂದ್ರೆ ಸಿಮೆಂಟ್ ನೆಲವಾ? ಅವ್ವ ಎಲ್ಲವ್ಳೋ ಅದೇ ತವರು, ಓಗು," ಎಂದಳು. ಯಜಮಾನರ ವರ್ಷದ ಕಾರ್ಯ ಸ್ವಲ್ಪ ಮುಂಚೆಯೇ ಮುಗಿಸಿದೆವು. ಬಾಣಂತಿ ಖಾರ, ಬೆಳ್ಳುಳ್ಳಿ, ಹೊಂಗೆ ಸೌದೆಯ ಇದ್ದಿಲು ಚೀಲಕ್ಕೆ ತುಂಬಿದೆ. ಅವರ ಹಳೆಯ ಪಂಚೆಗಳು ಒಗೆದು ಒಗೆದು ಹತ್ತಿಯ ಹಾಗಾಗಿದ್ದವು, ಮಗುವಿಗೆ ಸುತ್ತಲು ಹರಿದು ಮಡಚಿಟ್ಟುಕೊಂಡೆ. ಒಳಕೋಣೆಗೆ ಬೀಗ ಹಾಕಿದೆ. ಅವರ ಫೋನನ್ನು ಮೈದನ ಹೆಂಡತಿಗೆ ಕೊಟ್ಟು, ದಿನಾ ಬುಟ್ಟಿಯಲ್ಲಿ ಇಡು ಎಂದು ಹೇಳಿದೆ. ಮೈದ ಚೀಲ ಹೊತ್ತು ಬಸ್ಸಿನವರೆಗೆ ಬಂದ.

ಸಂಕ್ರಾಂತಿಯ ಮುಂಚೆ ಒಂದು ಬೆಳಿಗ್ಗೆ ಮಗಳಿಗೆ ನೋವು ಕಾಣಿಸಿಕೊಂಡಿತು. ಅಳಿಯ ಮನೆಯೊಳಗೆ ನಿಂತುಕೊಂಡೇ ಫೋನು ಮಾಡಿದ. ಗಾಡಿ ಬಂತು. ಮಧ್ಯಾಹ್ನದ ಹೊತ್ತಿಗೆ ಹೆಣ್ಣು ಮಗು ಹುಟ್ಟಿತು. ನರ್ಸು ಪಂಚೆಯ ಬಟ್ಟೆಯಲ್ಲಿ ಸುತ್ತಿ ತಂದು ನನ್ನ ತೊಡೆಯ ಮೇಲೆ ಇಟ್ಟಳು.

ಊರಿಗೆ ತಿಳಿಸಬೇಕಿತ್ತು. ನನಗೆ ಬಾಯಲ್ಲಿ ಬರುವುದು ಯಜಮಾನರ ನಂಬರೊಂದೇ. ಅದಕ್ಕೇ ಒತ್ತಿದೆ. ಬಹಳ ಹೊತ್ತು ಬಡಿದುಕೊಂಡಿತು. ಒಂದು ಸಲ ತಾನೇ ನಿಂತಿತು. ಮತ್ತೆ ಒತ್ತಿದೆ. ಮರದ ಕೆಳಗೆ ಯಾರೂ ಇಲ್ಲ, ಎಲ್ಲರೂ ಕಣದಲ್ಲಿ ಹುರುಳಿ ಬಡಿಯುತ್ತಿರಬೇಕು ಅಂದುಕೊಂಡು ಇಡುವಷ್ಟರಲ್ಲಿ ಯಾರೋ ಎತ್ತಿದರು. ಉಸಿರು ಮಾತ್ರ ಕೇಳಿಸಿತು.

"ಅತ್ಗೆ, ನಾನು," ಎಂದ ಮೈದ.

ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ ಎಂದೆ. ಮೇಕೆಗಳ ಗಂಟೆ ಕೇಳಿಸುತ್ತಿತ್ತು, ಹೊಂಗೆ ಎಲೆಯ ಸದ್ದೂ ಕೇಳಿಸುತ್ತಿತ್ತು.

"ಗಾಡಿ ಬಂದಿತ್ತಾ?" ಎಂದು ಕೇಳಿದ.

"ಬಂದಿತ್ತು ಕಣಪ್ಪ. ಮನೆ ಬಾಗ್ಲಿಗೇ ಬಂದಿತ್ತು."

ಅವನು ಅಳುತ್ತಿದ್ದ. ಗಂಡಸು ಮರದ ಕೆಳಗೆ ನಿಂತು ಅಳುವುದನ್ನು ಯಾರಾದರೂ ನೋಡುತ್ತಾರೆ ಎಂದು ನನಗೆ ಯೋಚನೆಯಾಯಿತು. ಸರಿ, ಇಡ್ತೀನಿ ಎಂದೆ.

"ಇಡಬ್ಯಾಡಿ ಅತ್ಗೆ," ಎಂದ. "ಇನ್ನೊಂದು ಗಳ್ಗೆ ಇರ್ಲಿ. ಇಟ್ರೆ ಬುಟ್ಟೀಗಾಕ್ಬೇಕು."

ನಾನು ಇಡಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಫೋನು ಕಿವಿಗೆ ಹಿಡಿದು ಕುಳಿತಿದ್ದೆ. ಮಗು ಒಂದು ಸಲ ಅತ್ತಿತು. ಅದು ಅವನಿಗೆ ಕೇಳಿಸಿತು.